ಕಣ್ಣಿಗಷ್ಟೇ ಬರೆಯಬೇಡ

ಮಗಳೇ,

ಹೊಸ ಶಾಲೆಗೆ ಹೋಗಿದ್ದೀಯ. ಎಂಟನೇ ತರಗತಿಗೆ ಗಣಿತ, ವಿಜ್ಞಾನ ಎರಡೂ ನಿನ್ನ ಪಾಲಿಗೆ ಬಂದಿವೆ. ಆ ತರಗತಿಯಲ್ಲಿ ಕಣ್ಣು ಕಾಣದ ಒಬ್ಬ ಹುಡುಗಿ ಇದ್ದಾಳೆ, ಕಿವಿ ಮಂದವಾದ ಒಬ್ಬ ಹುಡುಗನೂ ಇದ್ದಾನೆ. ಇಂಥವರಿಗೆ ಕಲಿಸುವ ತರಬೇತಿ ನನಗಿಲ್ಲ, ಏನು ಮಾಡಲಿ ಎಂದು ಕೇಳಿದ್ದೀಯ. ಕೇಳಿದ್ದು ಒಳ್ಳೆಯದಾಯಿತು. ಎಷ್ಟೋ ಶಾಲೆಗಳಲ್ಲಿ ಈ ಪ್ರಶ್ನೆಯನ್ನೇ ಯಾರೂ ಕೇಳುವುದಿಲ್ಲ. ಮಗುವಿನ ಹೆಸರು ಹಾಜರಿ ಪುಸ್ತಕದಲ್ಲಿ ಇರುತ್ತದೆ, ಮಗು ಬೆಂಚಿನ ಮೇಲೆ ಕೂತಿರುತ್ತದೆ, ವರ್ಷ ಕಳೆದುಹೋಗುತ್ತದೆ. ನಾನು ನಿವೃತ್ತಿಯಾದ ಮೇಲೆ ಅಂಧ ವಿದ್ಯಾರ್ಥಿಗಳಿಗಾಗಿ ಕನ್ನಡ ಪುಸ್ತಕಗಳನ್ನು ಕಂಪ್ಯೂಟರ್ ಓದಬಲ್ಲ ಪಠ್ಯವಾಗಿಸುವ ಕೆಲಸಕ್ಕೆ ಸೇರಿಕೊಂಡವನು. ಅಲ್ಲಿ ಕಂಡು ತಿಳಿದದ್ದನ್ನು ನಿನಗೆ ಹೇಳುತ್ತೇನೆ.

ಮೊದಲು ಆ ಹುಡುಗಿಯ ಪಕ್ಕ ಕೂತು ಮಾತಾಡು. ಅವಳ ತಾಯಿಯನ್ನು ಆಮೇಲೆ ಕೇಳಿದರಾಯಿತು, ಅವಳನ್ನೇ ಕೇಳು. ಬೆಳಕು ಎಷ್ಟು ತಿಳಿಯುತ್ತದೆ? ದೊಡ್ಡ ಅಕ್ಷರ ಕಾಣುತ್ತದೆಯೆ? ಕುರುಡರೆಂದು ಕರೆಸಿಕೊಳ್ಳುವ ಹಲವರಿಗೆ ಚೂರುಪಾರು ದೃಷ್ಟಿ ಇರುತ್ತದೆ, ಅವರಿಗೆ ದಪ್ಪ ಅಕ್ಷರದ ಒಂದು ಹಾಳೆ ಬ್ರೈಲ್‌ಗಿಂತ ಹೆಚ್ಚು ಒದಗಬಹುದು. ಬ್ರೈಲ್ ಕಲಿತಿದ್ದಾಳೆಯೆ? ಮನೆಯ ಫೋನಿನಲ್ಲಿ ಪರದೆಯನ್ನು ಓದಿ ಹೇಳುವ ಟಾಕ್‌ಬ್ಯಾಕ್ ಬಳಸುತ್ತಾಳೆಯೆ? ಎಲ್ಲಿ ಕೂತರೆ ಚೆನ್ನಾಗಿ ಕೇಳಿಸುತ್ತದೆ? ಇಷ್ಟು ತಿಳಿಯದೆ ನೀನು ಮಾಡುವ ಯಾವ ಸಹಾಯವೂ ಅವಳ ಕೈಗೆ ಸೇರುವುದಿಲ್ಲ. ನಿನ್ನ ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ (ಬಿ.ಆರ್.ಸಿ.) ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರು ಇರಬೇಕು. ಅವರನ್ನು ಹುಡುಕಿ ಪರಿಚಯ ಮಾಡಿಕೋ. ಅವರ ಮೇಲೂ ಹತ್ತಾರು ಶಾಲೆಗಳ ಹೊರೆ ಇರುತ್ತದೆ, ಆದರೂ ಆ ಮಗುವಿನ ಇದುವರೆಗಿನ ಕಥೆ ಅವರಿಗೆ ಗೊತ್ತಿರುತ್ತದೆ.

ಇನ್ನು ನಾನು ಒತ್ತಿ ಹೇಳಬೇಕಾದ ಮಾತು. ನೀನು ಕನ್ನಡದಲ್ಲಿ ಬರೆದು ಮಕ್ಕಳಿಗೆ ಕೊಡುವ ಪ್ರತಿಯೊಂದನ್ನೂ ಯೂನಿಕೋಡಿನಲ್ಲಿ ಟೈಪ್ ಮಾಡು. ನೋಟ್ಸ್, ಪ್ರಶ್ನೆಪತ್ರಿಕೆ, ಮನೆಗೆಲಸ, ಪೋಷಕರಿಗೆ ಹೋಗುವ ಸೂಚನೆ, ಎಲ್ಲವೂ. ಇದೊಂದು ಅಭ್ಯಾಸ ನಿನ್ನ ಬೆರಳಿಗೆ ಹತ್ತಿದರೆ ಅರ್ಧಕ್ಕಿಂತ ಹೆಚ್ಚಿನ ಕೆಲಸ ಮುಗಿದಂತೆ. ಯಾಕೆ ಎಂದು ಬಿಡಿಸಿ ಹೇಳುತ್ತೇನೆ.

ಕಣ್ಣು ಕಾಣದವರು ಕಂಪ್ಯೂಟರ್ ಬಳಸುವುದು ಸ್ಕ್ರೀನ್ ರೀಡರ್ ಎಂಬ ತಂತ್ರಾಂಶದ ನೆರವಿನಿಂದ. ಪರದೆಯ ಮೇಲಿನ ಬರಹವನ್ನು ಅದು ಓದಿ ಹೇಳುತ್ತದೆ. ಇವುಗಳಲ್ಲಿ ಎನ್‌ವಿಡಿಎ ಪೂರ್ತಿ ಉಚಿತ. ಆಸ್ಟ್ರೇಲಿಯಾದ ಮೈಕೆಲ್ ಕರನ್ ಮತ್ತು ಜೇಮ್ಸ್ ಟೆಹ್ ಎಂಬ ಇಬ್ಬರು ಅಂಧ ತರುಣರು ಅದನ್ನು ಕಟ್ಟಿದವರು. ಕೆಲಸ ಶುರುವಾದದ್ದು 2006ರಲ್ಲಿ. ಅಂಥ ತಂತ್ರಾಂಶಗಳಿಗೆ ಆಗ ದೊಡ್ಡ ಬೆಲೆ ಇತ್ತು, ಬಡ ದೇಶಗಳ ಅಂಧರು ಕೊಳ್ಳುವಂತಿರಲಿಲ್ಲ. ಎನ್‌ವಿಡಿಎ ಜೊತೆಗೇ ಬರುವ ಇ-ಸ್ಪೀಕ್ ಎಂಬ ದನಿ ಕನ್ನಡವನ್ನೂ ಓದುತ್ತದೆ. ದನಿ ಯಂತ್ರದ್ದೇ, ಮೊದಲ ವಾರ ಕಿವಿಗೆ ಒರಟು ಅನಿಸುತ್ತದೆ. ಅಭ್ಯಾಸವಾದವರು ಮಾತ್ರ ಅದನ್ನು ನಾವು ಕೇಳಿ ತಬ್ಬಿಬ್ಬಾಗುವಷ್ಟು ವೇಗದಲ್ಲಿ ಓಡಿಸುತ್ತಾರೆ. ಆಂಡ್ರಾಯ್ಡ್ ಫೋನಿನಲ್ಲಿ ಟಾಕ್‌ಬ್ಯಾಕ್ ಇದ್ದೇ ಇರುತ್ತದೆ. ಗೂಗಲ್‌ನ ಕನ್ನಡ ದನಿಯನ್ನು ಆರಿಸಿಕೊಟ್ಟರೆ ಸಾಕು. ಅಂದರೆ ಓದುವ ಸಾಧನ ಅವಳ ಮನೆಯಲ್ಲೇ ಇದೆ ಎಂದಾಯಿತು. ಇಲ್ಲದಿರುವುದು ಅದು ಓದಬಲ್ಲ ಕನ್ನಡ.

ಕಂಪ್ಯೂಟರಿನಲ್ಲಿ ಕನ್ನಡಕ್ಕೆ ತನ್ನದೇ ಜಾಗವಿಲ್ಲದ ಕಾಲವೊಂದಿತ್ತು. ಒಂದು ಫಾಂಟಿನಲ್ಲಿ ಇದ್ದದ್ದು 256 ಮನೆಗಳು. ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳು ಇರಬೇಕಾದ ಆ ಮನೆಗಳಲ್ಲಿ ನಮ್ಮ ಅಕ್ಷರದ ತುಂಡುಗಳನ್ನು ಕೂರಿಸಿದರು. ನುಡಿ, ಬರಹ ಎಂಬ ತಂತ್ರಾಂಶಗಳು ಹಾಗೆ ಬಂದವು. ಅವು ಇಲ್ಲದಿದ್ದರೆ ಆ ದಿನಗಳಲ್ಲಿ ಕನ್ನಡದ ಕೆಲಸವೇ ನಡೆಯುತ್ತಿರಲಿಲ್ಲ, ಆ ಉಪಕಾರವನ್ನು ಮರೆಯಬಾರದು. ಆದರೆ ಆ ವಿಧಾನದಲ್ಲಿ ಪರದೆಯ ಮೇಲೆ ಕನ್ನಡವಾಗಿ ಕಾಣುವುದು ಒಳಗೆ ಕನ್ನಡವಲ್ಲ. ಹಳೆಯ ನುಡಿ ಫಾಂಟಿನಲ್ಲಿ 'ಕನ್ನಡ' ಎಂದು ಟೈಪ್ ಮಾಡಿದ್ದನ್ನು ಕಂಪ್ಯೂಟರ್ ಇಟ್ಟುಕೊಳ್ಳುವುದು ಹೀಗೆ: ಪಿ, ನೆತ್ತಿಯ ಮೇಲೆ ಗೆರೆಯಿರುವ ಎ, ಪೌಂಡ್ ಹಣದ ಚಿಹ್ನೆ, ಮತ್ತೆ ಎ, ಜರ್ಮನ್ನರ ಜೋಡಿ ಎಸ್, ಕ್ಯೂ, ಮತ್ತೊಂದು ಎ. ಸ್ಕ್ರೀನ್ ರೀಡರ್ ಇದನ್ನೇ ಓದುತ್ತದೆ. ನಿನ್ನ ಕಣ್ಣಿಗೆ ಅಚ್ಚುಕಟ್ಟಾದ ದ್ಯುತಿಸಂಶ್ಲೇಷಣೆಯ ಪಾಠ, ಆ ಹುಡುಗಿಯ ಕಿವಿಗೆ ತಲೆಬುಡವಿಲ್ಲದ ಗದ್ದಲ.

ಪ್ರತಿ ಲಿಪಿಯ ಅಕ್ಷರಕ್ಕೂ ಅದರದೇ ಸಂಕೇತ ಕೊಡುವ ಯೂನಿಕೋಡ್ 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಪ್ರತ್ಯೇಕ ಜಾಗ ಕೊಟ್ಟಿತು. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿ ತುಂಗಾ ಎಂಬ ಕನ್ನಡ ಯೂನಿಕೋಡ್ ಫಾಂಟನ್ನು ಜೊತೆಗೆ ತಂದಿತು. ಈಗಿನ ನುಡಿ, ಬರಹಗಳಲ್ಲೂ ಯೂನಿಕೋಡ್ ಆಯ್ಕೆ ಇದೆ, ಕೀಲಿಮಣೆ ಬದಲಿಸುವ ಗೋಜಿಲ್ಲ. ಇಷ್ಟಾದರೂ ತಾಲ್ಲೂಕು ಕೇಂದ್ರದ ಡಿಟಿಪಿ ಅಂಗಡಿಗಳಲ್ಲಿ, ಮುದ್ರಣಾಲಯಗಳಲ್ಲಿ, ಎಷ್ಟೋ ಕಚೇರಿಗಳಲ್ಲಿ ಹಳೆಯ ಫಾಂಟೇ ನಡೆಯುತ್ತಿದೆ. ಪೇಜ್‌ಮೇಕರ್ ಎಂಬ ಹಳೆಯ ತಂತ್ರಾಂಶ ಯೂನಿಕೋಡ್ ಕನ್ನಡವನ್ನು ಒಪ್ಪುವುದಿಲ್ಲ, ಅದನ್ನು ಬಿಡಲು ಅವರಿಗೆ ಮನಸ್ಸಿಲ್ಲ. ಅದರ ಬದಲು ಬಂದ ಇನ್‌ಡಿಸೈನ್‌ನ ಈಚಿನ ಆವೃತ್ತಿಗಳಲ್ಲಿ ಯೂನಿಕೋಡ್ ಕನ್ನಡ ಸರಿಯಾಗಿ ಕೂರುತ್ತದೆ. ಹಾಗಾಗಿ ಈ ನೆಪ ಇನ್ನು ನಡೆಯಬಾರದು. ನಿಮ್ಮ ಶಾಲೆಯ ಪ್ರಶ್ನೆಪತ್ರಿಕೆ ಅಂಗಡಿಯಲ್ಲಿ ಟೈಪ್ ಆಗುವುದಾದರೆ, ಯೂನಿಕೋಡಿನಲ್ಲಿ ಮಾಡಿ, ವರ್ಡ್ ಫೈಲನ್ನೂ ಕೊಡಿ ಎಂದು ಕೇಳಿ ಪಡೆ. ಕೇಳದೆ ಯಾರೂ ಕೊಡುವುದಿಲ್ಲ.

ಬ್ರೈಲ್‌ಗೂ ಇದೇ ಬೇರು. ಫ್ರಾನ್ಸಿನ ಲೂಯಿ ಬ್ರೈಲ್ 1829ರಲ್ಲಿ, ಇಪ್ಪತ್ತು ವರ್ಷದವನಿದ್ದಾಗ, ಆರು ಚುಕ್ಕಿಗಳ ತನ್ನ ಲಿಪಿಯನ್ನು ಪ್ರಕಟಿಸಿದ. ಆರು ಚುಕ್ಕಿಗಳಿಂದ 63 ಆಕಾರಗಳು ಹುಟ್ಟುತ್ತವೆ. ಭಾರತದ ಭಾಷೆಗಳಿಗೆಲ್ಲ ಹೊಂದುವ ಭಾರತಿ ಬ್ರೈಲ್ 1951ರಲ್ಲಿ ಜಾರಿಗೆ ಬಂತು. ಅದರಲ್ಲಿ ಕನ್ನಡದ 'ಕ', ಹಿಂದಿಯ 'ಕ', ಇಂಗ್ಲಿಷಿನ 'ಕೆ' ಮೂರಕ್ಕೂ ಒಂದೇ ಚುಕ್ಕಿಗಳು. ಮ, ಲ, ಸ, ರ, ನ ಎಲ್ಲ ಹೀಗೆಯೇ. ಕನ್ನಡ ಬ್ರೈಲ್ ಕಲಿತ ಮಗು ಇಂಗ್ಲಿಷಿಗೆ ಹೋದಾಗ ಅಕ್ಷರಗಳಲ್ಲಿ ಹೊಸದಾಗಿ ಕಲಿಯಬೇಕಾದ್ದು ಕಡಿಮೆ. ನೋಡುವ ಮಕ್ಕಳಿಗೂ ಇಲ್ಲದ ಅನುಕೂಲ ಇದು. ಇಂದು ಬ್ರೈಲ್ ಪುಸ್ತಕ ಮಾಡಲು ಯಾರೂ ಒಂದೊಂದೇ ಚುಕ್ಕಿ ಕುಟ್ಟುತ್ತ ಕೂರಬೇಕಿಲ್ಲ. ಲಿಬ್ಲೂಯಿ ಎಂಬ ಮುಕ್ತ ತಂತ್ರಾಂಶ ಕನ್ನಡ ಪಠ್ಯವನ್ನು ಕ್ಷಣಮಾತ್ರದಲ್ಲಿ ಬ್ರೈಲ್‌ಗೆ ತಿರುಗಿಸುತ್ತದೆ, ಬ್ರೈಲ್ ಮುದ್ರಕ ಅದನ್ನು ಹಾಳೆಯ ಮೇಲೆ ಒತ್ತುತ್ತದೆ. ಆದರೆ ಪಠ್ಯ ಯೂನಿಕೋಡಿನಲ್ಲಿ ಇರಬೇಕು. ಹಳೆಯ ಫಾಂಟಿನ ಫೈಲನ್ನು ಹಾಗೇ ಕೊಟ್ಟರೆ ಅದೇ ಪೌಂಡ್ ಚಿಹ್ನೆ, ಅದೇ ಜೋಡಿ ಎಸ್ ಚುಕ್ಕಿಗಳಾಗಿ ಮೂಡುತ್ತವೆ.

ಫೋನು ಓದಿ ಹೇಳುತ್ತದಲ್ಲ, ಬ್ರೈಲ್ ಇನ್ನು ಯಾಕೆ ಎಂದು ನಿನ್ನ ಸಹೋದ್ಯೋಗಿಗಳು ಹೇಳಿದರೆ ಒಪ್ಪಬೇಡ. ಬರೀ ಕೇಳಿ ಕಲಿತ ಮಗುವಿಗೆ ಕಾಗುಣಿತ ಸಿಗುವುದಿಲ್ಲ. 'ಶ' ಎಲ್ಲಿ, 'ಷ' ಎಲ್ಲಿ? 'ಧನ'ವೋ 'ದನ'ವೋ? ನಮ್ಮ ಮೈಸೂರು ಸೀಮೆಯ ಮಾತಿನಲ್ಲಿ ಹಕಾರವೇ ಹಾರಿಹೋಗುತ್ತದೆ. ಕಿವಿಯನ್ನೇ ನಂಬಿದ ಮಗು 'ಅಕ್ಕಿ' ಬರೆಯಬೇಕೋ 'ಹಕ್ಕಿ' ಬರೆಯಬೇಕೋ ಎಂದು ಪರೀಕ್ಷೆಯ ಹೊತ್ತಿನಲ್ಲಿ ಹೇಗೆ ತಿಳಿದೀತು? ಗಣಿತದ ಸಮೀಕರಣವನ್ನು ಒಮ್ಮೆ ಕೇಳಿ ಮನಸ್ಸಿನಲ್ಲಿ ಹಿಡಿದಿಡಲು ನಿನಗೇ ಆಗದು. ಬೆರಳ ತುದಿಯಲ್ಲಿ ಹಿಂದೆ ಮುಂದೆ ಹೋಗಿ ಬರುವಂತಿದ್ದರೆ ಮಾತ್ರ ಬಿಡಿಸಲಾದೀತು. ಅವಳಿಗೆ ಬ್ರೈಲ್ ಬಾರದಿದ್ದರೆ ಕಲಿಸುವ ವ್ಯವಸ್ಥೆಗಾಗಿ ಈಗಲೇ ಬೆನ್ನು ಹತ್ತು. ಎಂಟನೇ ತರಗತಿ ತಡವೇನಲ್ಲ.

ಟೈಪ್ ಮಾಡುವಾಗ ಕೆಲವು ಸಣ್ಣ ಎಚ್ಚರಗಳಿವೆ. ಈ ಸಣ್ಣವೇ ಹೆಚ್ಚು ಕಾಡುತ್ತವೆ. ಅನುಸ್ವಾರದ ಬದಲು ಕನ್ನಡದ ಸೊನ್ನೆ ಅಂಕಿಯನ್ನು ಹಾಕುವ ರೂಢಿ ಬಹಳ ಜನರಲ್ಲಿದೆ. ಎರಡೂ ಒಂದೇ ಥರ ದುಂಡಗೆ ಕಾಣುತ್ತವೆ, ಆದರೆ ಯಂತ್ರ 'ಗಂಗೆ' ಎನ್ನುವ ಬದಲು 'ಗ ಸೊನ್ನೆ ಗೆ' ಎನ್ನುತ್ತದೆ. ನಾನು ತಿದ್ದಿದ ಪುಸ್ತಕಗಳಲ್ಲಿ ಅತಿ ಹೆಚ್ಚು ಕಂಡ ತಪ್ಪು ಇದೇ. ತಲೆಬರಹ ಅಂದವಾಗಿರಲಿ ಎಂದು 'ಪ ರೀ ಕ್ಷೆ' ಹೀಗೆ ಬಿಡಿಬಿಡಿಯಾಗಿ ಹರಡಬೇಡ. ಯಂತ್ರ ಅದನ್ನೂ ಬಿಡಿಬಿಡಿಯಾಗಿಯೇ ಓದುತ್ತದೆ. ತಲೆಬರಹವನ್ನು ದಪ್ಪ ಮಾಡಿ ಬಿಡುವ ಬದಲು ವರ್ಡ್‌ನಲ್ಲಿರುವ ಹೆಡಿಂಗ್ ಶೈಲಿಯನ್ನು ಬಳಸು. ನಾವು ಪುಟ ಮಗುಚುತ್ತ ತಲೆಬರಹಗಳ ಮೇಲೆ ಕಣ್ಣಾಡಿಸುತ್ತೇವಲ್ಲ, ಅವಳು ಒಂದು ಕೀಲಿ ಒತ್ತಿ ಒಂದು ಹೆಡಿಂಗಿನಿಂದ ಇನ್ನೊಂದಕ್ಕೆ ನೆಗೆಯಬಲ್ಲಳು. ಆ ಶೈಲಿ ಹಾಕದಿದ್ದರೆ ಐದನೇ ಪಾಠ ಹುಡುಕಲು ಮೊದಲ ಸಾಲಿನಿಂದ ಕೇಳುತ್ತ ಬರಬೇಕು.

ಚಿತ್ರಗಳಿಗೆ ವಿವರಣೆ ಬರೆ. 'ಚಿತ್ರ 3.2' ಎಂದು ಬರೆದರೆ ಅದು ವಿವರಣೆಯಲ್ಲ. ನದಿಗಳ ನಕ್ಷೆ ಇದ್ದರೆ, ಕಾವೇರಿ ಕೊಡಗಿನ ತಲಕಾವೇರಿಯಲ್ಲಿ ಹುಟ್ಟಿ ಪೂರ್ವಕ್ಕೆ ಹರಿದು, ಶಿವನಸಮುದ್ರದಲ್ಲಿ ಧುಮುಕಿ ತಮಿಳುನಾಡಿಗೆ ಹೋಗುತ್ತದೆ ಎಂದು ಎರಡು ಸಾಲು. ಆ ನಕ್ಷೆಯಿಂದ ಉಳಿದ ಮಕ್ಕಳು ಏನು ತಿಳಿಯಬೇಕೆಂದು ನೀನು ಬಯಸುತ್ತೀಯೋ ಅದನ್ನು ಬರೆದರೆ ಆಯಿತು, ಬಣ್ಣದ ವರ್ಣನೆ ಬೇಡ. ಇದರ ಜೊತೆಗೆ ಒಂದು ರಟ್ಟಿನ ಮೇಲೆ ಗೋಂದಿನಿಂದ ಹುರಿ ಅಂಟಿಸಿ ನದಿಯ ದಾರಿ ಮಾಡಿಕೊಡು, ಊರುಗಳಿಗೆ ಕಾಳು ಅಂಟಿಸು. ತ್ರಿಕೋನ, ವೃತ್ತ, ಹೃದಯದ ನಾಲ್ಕು ಕೋಣೆ, ಎಲ್ಲವನ್ನೂ ಹೀಗೆ ಮುಟ್ಟಿಸಬಹುದು. ಉಳಿದ ಮಕ್ಕಳ ಕೈಯಲ್ಲೇ ಮಾಡಿಸು, ಅವರಿಗೂ ಪಾಠ ಕೂರುತ್ತದೆ.

ಇನ್ನು ವಾಟ್ಸ್ಆ್ಯಪ್. ಈಗ ಶಾಲೆಯ ಅರ್ಧ ವ್ಯವಹಾರ ಅಲ್ಲೇ ನಡೆಯುತ್ತದೆ. ಕರಿಹಲಗೆಯ ಫೋಟೊ, ಕೈಬರಹದ ಫೋಟೊ, ಸುತ್ತೋಲೆಯ ಫೋಟೊ. ನಾನು ಬಲ್ಲ ಒಬ್ಬ ಅಂಧ ಪಿಯುಸಿ ವಿದ್ಯಾರ್ಥಿಗೆ ವಿದ್ಯಾರ್ಥಿವೇತನದ ಅರ್ಜಿಯ ಕೊನೆಯ ದಿನ ಗೊತ್ತಾಗಲೇ ಇಲ್ಲ. ಸೂಚನೆ ಅವನ ಫೋನಿಗೇ ಬಂದಿತ್ತು, ಚಿತ್ರವಾಗಿ ಬಂದಿತ್ತು. ಫೋನು ಅವನಿಗೆ 'ಫೋಟೊ' ಎಂದಷ್ಟೇ ಹೇಳಿ ಸುಮ್ಮನಾಯಿತು. ಮನೆಯವರು ಸಂಜೆ ಕೂಲಿಯಿಂದ ಬಂದಮೇಲೆ ಓದಿಸಿಕೊಳ್ಳುವುದು ಅವನ ರೂಢಿ. ಆ ಒಂದು ಚಿತ್ರ ನೂರಾರು ಸಂದೇಶಗಳ ಅಡಿಯಲ್ಲಿ ಹೂತುಹೋಯಿತು. ಒಂದು ವರ್ಷದ ಹಣ ಕೈತಪ್ಪಿತು. ನೀನು ಫೋಟೊ ಕಳಿಸಬೇಕಾದರೆ ಕಳಿಸು, ಅದರ ಕೆಳಗೆ ಸಾರಾಂಶವನ್ನು ಅಕ್ಷರದಲ್ಲಿ ಬರೆ. ಬರೆಯಲು ಹೊತ್ತಿಲ್ಲದಿದ್ದರೆ ಕನ್ನಡದಲ್ಲಿ ಮಾತಾಡಿಯೇ ಟೈಪ್ ಮಾಡಬಹುದು, ಗೂಗಲ್‌ನಲ್ಲಿ ಆ ಸೌಲಭ್ಯ 2017ರಿಂದ ಇದೆ. ಬರೀ ದನಿ ಸಂದೇಶ ಕಳಿಸಿದರೆ ಈ ಹುಡುಗಿಗೆ ಅನುಕೂಲ, ಕಿವಿ ಮಂದವಾದ ಆ ಹುಡುಗನಿಗೆ ಅದು ಏನೂ ಅಲ್ಲ. ಅಕ್ಷರವಾದರೆ ಇಬ್ಬರಿಗೂ ಮುಟ್ಟುತ್ತದೆ. ಓದಲು ತಡವರಿಸುವ, ಒತ್ತಕ್ಷರ ಕಂಡರೆ ಬೆದರುವ ಮಗು ನಿನ್ನ ತರಗತಿಯಲ್ಲಿ ಖಂಡಿತ ಒಂದಾದರೂ ಇರುತ್ತದೆ. ಡಿಸ್ಲೆಕ್ಸಿಯಾ ಇರುವ ಅಂಥ ಮಕ್ಕಳೂ ಅದೇ ಅಕ್ಷರವನ್ನು ಫೋನಿನಿಂದ ಓದಿಸಿಕೊಳ್ಳುತ್ತ, ಕಣ್ಣಿನಲ್ಲಿ ಹಿಂಬಾಲಿಸಬಹುದು.

ತರಗತಿಯ ಒಳಗೆ ನಿನ್ನ ನಾಲಗೆಯೇ ತಂತ್ರಜ್ಞಾನ. ಗಣಿತದವರಿಗೆ ಒಂದು ಚಾಳಿ ಇದೆ: 'ಇದರಿಂದ ಇದನ್ನು ಕಳೆದರೆ ಇದು ಬಂತು, ಇದನ್ನು ಇಲ್ಲಿಗೆ ತಂದರೆ ಇದು ಹೋಯಿತು.' ಕಣ್ಣು ಕಾಣದವರಿಗೆ ಈ ಇಡೀ ಪಾಠದಲ್ಲಿ ಒಂದು ಅಂಕಿಯೂ ಇಲ್ಲ. 'ಏಳು ಎಕ್ಸ್‌ನಿಂದ ಮೂರು ಎಕ್ಸ್ ಕಳೆದರೆ ನಾಲ್ಕು ಎಕ್ಸ್' ಎಂದು ಬಾಯಿಬಿಟ್ಟು ಹೇಳು. ಕೈ ಬರೆಯುತ್ತಿರುವುದನ್ನೆಲ್ಲ ಬಾಯಿ ಹೇಳುತ್ತಿರಲಿ. ಆದರೆ ಹಲಗೆಯ ಕಡೆ ಮುಖ ಮಾಡಿಕೊಂಡೇ ಮಾತಾಡಿದರೆ ಕಿವಿ ಮಂದವಾದ ಆ ಹುಡುಗನಿಗೆ ನಿನ್ನ ತುಟಿ ಕಾಣುವುದಿಲ್ಲ. ಬರೆದು, ತಿರುಗಿ, ಹೇಳು. ಕಿಟಕಿಗೆ ಬೆನ್ನು ಕೊಟ್ಟು ನಿಲ್ಲಬೇಡ, ಹಿಂದಿನ ಬೆಳಕಿಗೆ ನಿನ್ನ ಮುಖ ಕಪ್ಪಾಗುತ್ತದೆ. ಅವನನ್ನು ಹಿಂದಿನ ಬೆಂಚಿನಿಂದ ಮುಂದಕ್ಕೆ ಕರೆ. ಶ್ರವಣ ಸಾಧನ ಹಾಕಿದ್ದರೆ ಕಿರುಗುಟ್ಟುವ ಫ್ಯಾನಿನ ಕೆಳಗೆ ಕೂರಿಸಬೇಡ, ಸಾಧನ ಆ ಸದ್ದನ್ನೂ ದೊಡ್ಡದು ಮಾಡುತ್ತದೆ. ಅವನ ಶ್ರವಣ ಪರೀಕ್ಷೆ ಈಚೆಗೆ ಆಗಿಲ್ಲವೆಂದರೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಒಮ್ಮೆ ಹೋಗಿಬರಲು ಪೋಷಕರಿಗೆ ತಿಳಿಸು. 1965ರಿಂದ ಅದೇ ಕೆಲಸಕ್ಕಾಗಿ ಇರುವ ಸಂಸ್ಥೆ ಅದು. ಸಂಜ್ಞಾ ಭಾಷೆ ಬಲ್ಲ ಮಕ್ಕಳಿಗಾಗಿ ಕೇಂದ್ರ ಸರ್ಕಾರದ ಪಿಎಂ ಇ-ವಿದ್ಯಾ ಯೋಜನೆಯಲ್ಲಿ 2024ರ ಡಿಸೆಂಬರಿನಿಂದ ಒಂದು ಪ್ರತ್ಯೇಕ ಟಿವಿ ವಾಹಿನಿಯೇ ನಡೆಯುತ್ತಿದೆ.

ಕಾನೂನು ನಿನ್ನ ಕಡೆಗಿದೆ ಎಂಬುದೂ ಗೊತ್ತಿರಲಿ. ಮುಖ್ಯೋಪಾಧ್ಯಾಯರ ಮುಂದೆ ಕೇಳುವಾಗ ದಾಕ್ಷಿಣ್ಯ ಬೇಡ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದೆ. 1995ರ ಹಳೆಯ ಕಾಯ್ದೆ ಏಳು ಬಗೆಯ ವೈಕಲ್ಯಗಳನ್ನು ಮಾತ್ರ ಹೆಸರಿಸಿತ್ತು, ಇದು 21ನ್ನು ಹೆಸರಿಸುತ್ತದೆ, ಕಲಿಕಾ ತೊಂದರೆಯೂ ಅದರಲ್ಲಿದೆ. ನಿಗದಿತ ಪ್ರಮಾಣದ ವೈಕಲ್ಯವಿರುವ ಮಗುವಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣ, ಉನ್ನತ ಶಿಕ್ಷಣದಲ್ಲಿ ಕನಿಷ್ಠ ಶೇಕಡ 5ರಷ್ಟು ಸೀಟು, ಸರ್ಕಾರಿ ನೌಕರಿಯಲ್ಲಿ ಶೇಕಡ 4ರಷ್ಟು ಮೀಸಲು. ಲಿಪಿಕಾರರನ್ನು ಪಡೆಯುವ ಪರೀಕ್ಷಾರ್ಥಿಗೆ ಗಂಟೆಗೆ 20 ನಿಮಿಷಕ್ಕೆ ಕಡಿಮೆಯಿಲ್ಲದಂತೆ ಹೆಚ್ಚುವರಿ ಸಮಯ ಕೊಡಬೇಕು ಎಂದು ಕೇಂದ್ರದ ಮಾರ್ಗಸೂಚಿ ಹೇಳುತ್ತದೆ. ಮೂರು ಗಂಟೆಯ ಪರೀಕ್ಷೆಗೆ ಒಂದು ಗಂಟೆ. ಇದು ರಿಯಾಯಿತಿಯಲ್ಲ, ಹಕ್ಕು. ರಾಜೀವ್ ರತೂರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2024ರ ನವೆಂಬರ್ 8ರಂದು, ಸುಗಮ್ಯತೆಯ ನಿಯಮಗಳು ಬರೀ ಸಲಹೆಯ ಮಟ್ಟದಲ್ಲಿ ಇದ್ದರೆ ಸಾಲದು, ಪಾಲಿಸಲೇಬೇಕಾದ ನಿಯಮಗಳನ್ನು ಮೂರು ತಿಂಗಳಲ್ಲಿ ರೂಪಿಸಿ ಎಂದು ಕೇಂದ್ರಕ್ಕೆ ಹೇಳಿತು. 2025ರ ಏಪ್ರಿಲ್ 30ರ ಇನ್ನೊಂದು ತೀರ್ಪು ನನಗೆ ಇನ್ನೂ ಹತ್ತಿರದ್ದು. ಆ್ಯಸಿಡ್ ದಾಳಿಯಿಂದ ಕಣ್ಣಿಗೆ ಪೆಟ್ಟಾದವರಿಗೆ ಕ್ಯಾಮೆರಾ ಮುಂದೆ ಕಣ್ಣು ಮಿಟುಕಿಸಿ ಬ್ಯಾಂಕಿನಲ್ಲಿ ಗುರುತು ದೃಢಪಡಿಸಲು ಆಗುತ್ತಿರಲಿಲ್ಲ. ಅವರದೂ ಅಂಧರೊಬ್ಬರದೂ ಅರ್ಜಿಗಳನ್ನು ಕೇಳಿದ ನ್ಯಾಯಮೂರ್ತಿ ಪಾರ್ದಿವಾಲಾ ಮತ್ತು ನ್ಯಾಯಮೂರ್ತಿ ಮಹದೇವನ್ ಅವರ ಪೀಠ, ಡಿಜಿಟಲ್ ಸೇವೆ ಕೈಗೆಟಕುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಎಂದಿತು.

ನಿನ್ನ ತಮ್ಮ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನಲ್ಲ, ಅವನಿಗೂ ಈ ಮಾತು ತಲುಪಿಸು. ಅವನು ಮಾಡುವ ಆ್ಯಪಿನಲ್ಲಿ ಪ್ರತಿ ಗುಂಡಿಗೂ ಹೆಸರಿರಲಿ. ಹೆಸರಿಲ್ಲದ ಗುಂಡಿಯ ಮೇಲೆ ಬೆರಳಿಟ್ಟರೆ ಟಾಕ್‌ಬ್ಯಾಕ್ 'ಬಟನ್' ಎಂದಷ್ಟೇ ಹೇಳುತ್ತದೆ, ಅದು ಹಣ ಕಳಿಸುವುದೋ ಅಳಿಸುವುದೋ ಯಾರಿಗೆ ಗೊತ್ತು? ಕನ್ನಡ ಪುಟದ ಸಂಕೇತದಲ್ಲಿ ಭಾಷೆ ಕನ್ನಡವೆಂದು ನಮೂದಿಸಲಿ, ಆಗ ಓದುವ ಯಂತ್ರಕ್ಕೆ ಕನ್ನಡದ ದನಿ ಹಿಡಿಯಬೇಕೆಂದು ತಿಳಿಯುತ್ತದೆ. ಅಕ್ಷರಕ್ಕೂ ಹಿನ್ನೆಲೆಗೂ 4.5ಕ್ಕೆ 1ರಷ್ಟಾದರೂ ವ್ಯತ್ಯಾಸ ಇರಲಿ. ಬೂದು ಹಿನ್ನೆಲೆಯ ಮೇಲೆ ತಿಳಿಬೂದು ಅಕ್ಷರ ಹಾಕುವುದು ಈಗಿನ ಶೋಕಿ, ಅದು ಮುದುಕರಿಗೂ ಕಾಣುವುದಿಲ್ಲ. ಒಟಿಪಿ ಟೈಪ್ ಮಾಡಲು ಮೂವತ್ತು ಸೆಕೆಂಡು ಕೊಟ್ಟರೆ ನಡುಗುವ ಕೈಯವರು ಏನು ಮಾಡಬೇಕು? ನಮ್ಮ ದೇಶದ್ದೇ ಐಎಸ್ 17802 ಎಂಬ ಮಾನಕ 2021-22ರಲ್ಲಿ ಬಂದಿದೆ, ಅದನ್ನು ಓದಲಿ. ಓದುವ ಮೊದಲು ತನ್ನ ಆ್ಯಪನ್ನು ಪರದೆ ಕಪ್ಪಗೆ ಮಾಡಿಟ್ಟು ಬರೀ ಕಿವಿಯಿಂದ ಬಳಸಿ ನೋಡಲಿ. ಮನೆ ಕಟ್ಟಿಯಾದ ಮೇಲೆ ಗೋಡೆ ಒಡೆದು ಬಾಗಿಲಿಡುವುದು ಕಷ್ಟ, ನಕ್ಷೆಯಲ್ಲೇ ಇಟ್ಟರೆ ಖರ್ಚಿಲ್ಲ. ಅವನ ತಂಡದಲ್ಲಿ ಅಂಧ ಪರೀಕ್ಷಕರೊಬ್ಬರನ್ನು ಸಂಬಳ ಕೊಟ್ಟು ಸೇರಿಸಿಕೊಂಡರೆ ಎಲ್ಲಕ್ಕಿಂತ ಒಳ್ಳೆಯದು.

ಪಠ್ಯಪುಸ್ತಕದ ಆಚೆಗೆ ಅವಳು ಓದಬೇಕಲ್ಲ. 2012ರಲ್ಲಿ ನಮ್ಮ ಹಕ್ಕುಸ್ವಾಮ್ಯ ಕಾಯ್ದೆಗೆ ತಿದ್ದುಪಡಿಯಾಗಿ, ಮುದ್ರಿತ ಪುಸ್ತಕ ಓದಲಾಗದವರಿಗಾಗಿ ಲಾಭದ ಆಸೆಯಿಲ್ಲದೆ ಬ್ರೈಲ್, ದನಿ, ಪಠ್ಯ ಯಾವ ರೂಪಕ್ಕೂ ತಿರುಗಿಸಲು ದಾರಿಯಾಯಿತು. ಇದೇ ಆಶಯದ ಮರಾಕೆಶ್ ಒಪ್ಪಂದವನ್ನು 2014ರಲ್ಲಿ ಜಗತ್ತಿನಲ್ಲೇ ಮೊದಲು ಅನುಮೋದಿಸಿದ ದೇಶ ಭಾರತ. 2016ರಿಂದ ಸುಗಮ್ಯ ಪುಸ್ತಕಾಲಯ ಎಂಬ ಅಂತರಜಾಲ ಗ್ರಂಥಾಲಯವಿದೆ, ಅವಳನ್ನು ಅದಕ್ಕೆ ಸೇರಿಸು. ಬೆಂಗಳೂರಿನ ಮಿತ್ರ ಜ್ಯೋತಿ ಸಂಸ್ಥೆಯಲ್ಲಿ ಮಾತಾಡುವ ಪುಸ್ತಕಗಳಿವೆ, ಬ್ರೈಲ್ ಕೆಲಸವೂ ನಡೆಯುತ್ತದೆ. ವಚನ ಸಂಚಯ ಎಂಬ ಜಾಲತಾಣದಲ್ಲಿ ಶರಣರ ವಚನಗಳು ಯೂನಿಕೋಡಿನಲ್ಲೇ ಇವೆ, ಕನ್ನಡ ವಿಕಿಪೀಡಿಯವೂ ಹಾಗೆಯೇ. ಇವನ್ನು ಅವಳು ಯಾರ ಹಂಗೂ ಇಲ್ಲದೆ ಓದಬಲ್ಲಳು. ಆದರೆ ಹೊಸ ಕನ್ನಡ ಕಾದಂಬರಿ, ಕಥಾಸಂಕಲನ ಎಲ್ಲಿ? ಅಚ್ಚಿನ ಪುಸ್ತಕವನ್ನು ಸ್ಕ್ಯಾನ್ ಮಾಡಿ ಅಕ್ಷರ ಗುರುತಿಸುವ ತಂತ್ರಾಂಶಗಳಿವೆ, ಗೂಗಲ್‌ನದಿದೆ, ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೂಪುಗೊಂಡ ಲಿಪಿಜ್ಞಾನಿಯೂ ಇದೆ. ಆದರೂ ದ-ಧ, ಬ-ಭ, ಪ-ಷ ಅದಲುಬದಲಾಗುತ್ತವೆ, ಒತ್ತಕ್ಷರ ಉದುರುತ್ತದೆ, ಮನುಷ್ಯರು ಕೂತು ತಿದ್ದಬೇಕು. ಪ್ರಕಾಶಕರ ಕಂಪ್ಯೂಟರಿನಲ್ಲಿ ಅದೇ ಪುಸ್ತಕದ ಶುದ್ಧ ಪ್ರತಿ ಇದ್ದೇ ಇರುತ್ತದೆ! ಅದನ್ನು ಕೊಟ್ಟರೆ ತಿಂಗಳ ಕೆಲಸ ಒಂದು ಗಂಟೆಗೆ ಇಳಿಯುತ್ತದೆ. ನನಗೆ ಪರಿಚಯವಿರುವ ಲೇಖಕರಿಗೆಲ್ಲ ಇದನ್ನೇ ಹೇಳುತ್ತ ಬಂದಿದ್ದೇನೆ: ನಿಮ್ಮ ಪುಸ್ತಕ ಬಿಡುಗಡೆಯಾದ ದಿನವೇ ಅದರ ಫೈಲು ಒಂದು ಅಂಧರ ಗ್ರಂಥಾಲಯಕ್ಕೂ ಹೋಗಲಿ.

ಕಣ್ಣು ಕಾಣದ ಮಗು ಎಂದರೆ ನಮ್ಮವರು ಮೊದಲು ಹೇಳುವುದು 'ಸಂಗೀತ ಕಲಿಸಿ' ಎಂದು. ಗದಗಿನ ವೀರೇಶ್ವರ ಪುಣ್ಯಾಶ್ರಮ ನಾಡಿಗೆ ಮಾಡಿದ ಉಪಕಾರ ದೊಡ್ಡದು. ಪಂಚಾಕ್ಷರಿ ಗವಾಯಿಗಳೂ ಪುಟ್ಟರಾಜ ಗವಾಯಿಗಳೂ ಸ್ವತಃ ಅಂಧರಾಗಿದ್ದು, ಬೇರೆ ಆಸರೆಯಿಲ್ಲದ ಕಾಲದಲ್ಲಿ ಎಷ್ಟೋ ಅಂಧ ಮಕ್ಕಳಿಗೆ ಅನ್ನ, ವಿದ್ಯೆ, ಗೌರವ ಕೊಟ್ಟರು. ಅವರ ಹೆಸರಿಗೆ ಕೈಮುಗಿಯುತ್ತೇನೆ. ಆದರೆ ನಿನ್ನ ಹುಡುಗಿಗೆ ಹಾಡು ಇಷ್ಟವೋ ಬೀಜಗಣಿತ ಇಷ್ಟವೋ ಅವಳನ್ನು ಕೇಳಬೇಕು. ಹತ್ತನೇ ತರಗತಿ ಆದಮೇಲೆ ಅಂಧ ಮಕ್ಕಳನ್ನು ಕಣ್ಣುಮುಚ್ಚಿ ಕಲಾ ವಿಭಾಗಕ್ಕೆ ತಳ್ಳುವ ರೂಢಿ ಇದೆ. ಆಂಧ್ರದ ಶ್ರೀಕಾಂತ್ ಬೊಲ್ಲಾ ವಿಜ್ಞಾನ ಓದುವುದಕ್ಕಾಗಿಯೇ ಕೋರ್ಟಿಗೆ ಹೋಗಬೇಕಾಯಿತು. ಗೆದ್ದು, ಓದಿ, ಅಮೆರಿಕದ ಎಂಐಟಿಗೆ ಹೋಗಿ, ಹಿಂದಿರುಗಿ ಬೊಲ್ಲಾಂಟ್ ಇಂಡಸ್ಟ್ರೀಸ್ ಕಟ್ಟಿದರು. ಎಲ್ಲರೂ ಕೋರ್ಟಿಗೆ ಹೋಗಲಾರರು. ವಿಜ್ಞಾನದ ಟೀಚರು ಎಂಟನೇ ತರಗತಿಯಲ್ಲೇ 'ನಿನ್ನಿಂದ ಆಗುತ್ತದೆ' ಎಂದು ನಂಬಿ ಕಲಿಸಿದರೆ ಹೋಗಬೇಕಾಗಿಯೂ ಬರುವುದಿಲ್ಲ. ಅವಳ ಉತ್ತರ ತಪ್ಪಾದಾಗ ತಪ್ಪು ಎಂದೇ ಹೇಳು. ಕನಿಕರದಿಂದ ಅಂಕ ಕೊಟ್ಟರೆ ಅವಳಿಗೆ ಮೋಸ ಮಾಡಿದ ಹಾಗೆ.

ಅವಳಿಗೆ ಓದಿ ಹೇಳುವ ಗೆಳತಿಯರು ಇರಲಿ, ಆದರೆ ಒಬ್ಬಳನ್ನೇ ಕಾಯಂ ಕಾವಲಿಗೆ ಹಾಕಬೇಡ. ಇಬ್ಬರ ಬಾಲ್ಯವೂ ಬಾಡುತ್ತದೆ. ಶೌಚಾಲಯದ ದಾರಿ, ನೀರಿನ ತೊಟ್ಟಿ, ಮೆಟ್ಟಿಲು, ಬಾಗಿಲುಗಳನ್ನು ಒಮ್ಮೆ ಅವಳ ಜೊತೆ ನಡೆದು ಪರಿಚಯ ಮಾಡಿಸು. ದಾರಿಯಲ್ಲಿ ಸೈಕಲ್ಲು, ಬಕೆಟ್ಟು ಇಡದಂತೆ ಉಳಿದವರಿಗೆ ಹೇಳು.

ನೀನು ಈಗಾಗಲೇ ಮಾಡಿಟ್ಟ ವಿಜ್ಞಾನದ ನೋಟ್ಸುಗಳು ಹಳೆಯ ಫಾಂಟಿನಲ್ಲಿವೆ ಎಂದೆ. ಹೊಸದಾಗಿ ಟೈಪ್ ಮಾಡುತ್ತ ಕೂರಬೇಡ. ಅವನ್ನು ಯೂನಿಕೋಡಿಗೆ ತಿರುಗಿಸುವ ಪರಿವರ್ತಕಗಳು ಅಂತರಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ಈ ತಿಂಗಳು ಮೊದಲ ಎರಡು ಪಾಠಗಳನ್ನಷ್ಟೇ ತಿರುಗಿಸು. ಪರಿವರ್ತನೆಯಲ್ಲಿ ಅರ್ಕಾವತ್ತು, ಒತ್ತಕ್ಷರ ಅಲ್ಲಲ್ಲಿ ಕೆಡುವುದುಂಟು. ಫೈಲನ್ನು ನನಗೆ ಕಳಿಸು, ತಿದ್ದಿಕೊಡುತ್ತೇನೆ. ಆಮೇಲೆ ಆ ಹುಡುಗಿಗೆ ಕೊಟ್ಟು, ಎಲ್ಲೆಲ್ಲಿ ಓದು ಎಡವುತ್ತದೆ ಎಂದು ಅವಳಿಂದಲೇ ಹೇಳಿಸಿ ಬರೆದುಕೋ. ಅವಳು ಹೇಳಿದ್ದನ್ನೂ ನನಗೆ ಬರೆ.